ಬಚ್ಚಲಮನೆಯ ನಲ್ಲಿ

ಭಾನುವಾರ, ಬೆಳಿಗ್ಗೆ

ನನ್ನ ಚೂಟಿಗೆ,

ಅಮ್ಮನ ಮುತ್ತುಗಳು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬಲಗೈ ಹೆಬ್ಬೆರಳು ಊದಿಕೊಂಡಿದೆ. ನಿನ್ನ ಸಿನಿಮಾ ನೋಡಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ, ಕೊನೆಗೆ ನಾನೇ ನಿನ್ನನ್ನು ಸಮಾಧಾನ ಮಾಡಬೇಕು. ಅದಕ್ಕೇ ಈ ಕಾಗದ.

ಬಿಡುಗಡೆಗೆ ಮೊದಲೇ ಮನೆ ಬಿಟ್ಟು ಬಂದುಬಿಡು, ಅಪ್ಪ ಇದನ್ನು ನೋಡಿದರೆ ನಿನ್ನನ್ನು ಜೀವಸಹಿತ ಉಳಿಸುವುದಿಲ್ಲ ಎಂದು ನೀನು ಗೋಗರೆದಿದ್ದೆ. ನಾನು ಬರಲಿಲ್ಲ. ನಿನ್ನ ಕೈಯಲ್ಲಿ ಕಾಸಿಲ್ಲವೆಂದು ಮನೆಯ ಹಳೆಯ ಕಿಟಕಿ ಪರದೆಗಳನ್ನು ಕತ್ತರಿಸಿ ನಿನ್ನ ಸಿನಿಮಾದ ಹೆಂಗಸಿಗೆ ಅಂಗಿ ಹೊಲಿದುಕೊಟ್ಟವಳು ನಾನು. ಅದನ್ನು ದೊಡ್ಡದಾಗಿ ತೆರೆಯ ಮೇಲೆ ನೋಡದೆ ಸಾಯಲು ನನಗೆ ಮನಸ್ಸಿರಲಿಲ್ಲ. ಹೆದರಿಕೆ ಇರಲಿಲ್ಲ ಎಂದಲ್ಲ.

ನಿಮ್ಮಪ್ಪನಂತೂ ನೆಲದ ಮೇಲೆ ಇರಲಿಲ್ಲ. ಇಲ್ಲಿಯ ಚಿತ್ರಮಂದಿರದವರೆಲ್ಲ ಬಾಗಿಲು ಮುಚ್ಚಿದಾಗ, ತಾವು ಕೆಲಸ ಮಾಡುವ ಟಾಕೀಸಿನ ಮಾಲೀಕರ ಕೈಕಾಲು ಹಿಡಿದು ಬೆಳಗಿನ ಆಟ ಕೊಡಿಸಿದ್ದು ಅವರೇ ತಾನೆ. ಗೇಟಲ್ಲಿ ಟಿಕೆಟ್ ಹರಿಯೋನ ಮಾತಿಗೂ ಒಂದು ಬೆಲೆ ಇದೆ ಅಂತ ಬೀದಿಯುದ್ದಕ್ಕೂ ಹೇಳಿಕೊಂಡು ಬಂದರು. ಕಥೆ ಏನೆಂದು ಕೇಳಲಿಲ್ಲ. ಪೋಸ್ಟರಿನಲ್ಲಿ ಒಂದು ನಲ್ಲಿ, ಅದರ ಕೆಳಗೆ ತಗಡಿನ ಬಕೆಟ್ಟು. ತಾವೇ ಅಂಟು ಕಲಸಿ ಗೋಡೆಗಳಿಗೆ ಹಚ್ಚಿದರು. ಮಗಳು ನೀರಿನ ತಾಪತ್ರಯದ ಬಗ್ಗೆ ತೆಗೆದಿದ್ದಾಳೆ, ಒಳ್ಳೆ ವಿಷಯ ಅಂತ ಸಿಕ್ಕಿದವರಿಗೆಲ್ಲ ವಿವರಿಸಿದರು. ನಾನು ಹೂಂ ಅಂದೆ.

ಶುಕ್ರವಾರ ಟಾಕೀಸು ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ನನ್ನ ಒಂದು ಪಕ್ಕಕ್ಕೆ ನಿಮ್ಮಪ್ಪ, ಇನ್ನೊಂದು ಪಕ್ಕಕ್ಕೆ ಮೇಲಿನ ಮನೆಯಾಕೆ. ಸಿನಿಮಾದ ಗಂಡ ಮೊದಲ ಸಲ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಾಗ ಜನಕ್ಕೆ ಏನೂ ತಿಳಿಯಲಿಲ್ಲ. ಬಕೆಟ್ಟಿನಲ್ಲಿ ನೀರು ಧಡಧಡ ಬೀಳುತ್ತಿರುವಾಗಲೇ ಅವನು ನಿಧಾನವಾಗಿ ವಾಪಸು ಬಂದು, ಅವಳ ಕೂದಲು ಹಿಡಿದು, ತಲೆಯನ್ನು ಗೋಡೆಗೆ ಬಡಿದ. ಅವಳ ಕೂಗು ಹೊರಗೆ ಕೇಳದಿರಲೆಂದೇ ನಲ್ಲಿ ಎಂದು ಆಗ ತಿಳಿಯಿತು. ಎರಡನೆಯ ಸಲ ನಲ್ಲಿ ತಿರುಗಿದಾಗ ಹಿಂದಿನ ಸಾಲಿನಲ್ಲಿ ಯಾರೋ ಬೇಡ ಬೇಡ ಅಂದರು. ಆಮೇಲೆ ನೀನು ನಲ್ಲಿಯನ್ನು ತೋರಿಸಲೇ ಇಲ್ಲ, ಬರೀ ಸದ್ದು. ಅವನು ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಅವಳ ತೊಡೆಗೆ ಒತ್ತುವ ದೃಶ್ಯದಲ್ಲಿ ನನ್ನ ಕೈ ತಾನಾಗಿಯೇ ನನ್ನ ತೊಡೆಯ ಹಳೆಯ ಕಲೆಯ ಮೇಲೆ ಹೋಯಿತು. ನಾನು ತೆರೆ ನೋಡುವುದನ್ನು ಬಿಟ್ಟು ನಿಮ್ಮಪ್ಪನ ಮುಖ ನೋಡುತ್ತಿದ್ದೆ. ಈಗ ಎದ್ದರು, ಈಗ ನನ್ನ ಕುತ್ತಿಗೆಗೆ ಕೈ ಹಾಕಿದರು ಎಂದು ಕಾಯುತ್ತಿದ್ದೆ.

ಅವರು ಅಳುತ್ತಿದ್ದರು, ಚೂಟಿ. ನಾನು ಇಸ್ತ್ರಿ ಮಾಡಿಕೊಟ್ಟ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಅಳುತ್ತಿದ್ದರು. ಅಯ್ಯೋ ಪಾಪ, ಎಂಥ ರಾಕ್ಷಸನ ಕೈಗೆ ಸಿಕ್ಕಿದ್ದಾಳೆ ನೋಡು ಅಂತ ನನ್ನ ಕಿವಿಯಲ್ಲಿ ಹೇಳಿದರು. ನನಗೆ ನಗು ಬಂತು. ಆ ನಗುವನ್ನು ಅದುಮಿಟ್ಟ ಕಷ್ಟ ನನಗೇ ಗೊತ್ತು.

ಅವರು ತಮ್ಮನ್ನು ಗುರುತಿಸಿಕೊಳ್ಳಲೇ ಇಲ್ಲ. ಅದೇ ನಲ್ಲಿ, ಅದೇ ಬಕೆಟ್ಟು, ನೀನು ನಮ್ಮ ಮನೆಯಿಂದ ಒಯ್ದು ವಾಪಸು ಕೊಟ್ಟ ಅದೇ ಇಸ್ತ್ರಿ ಪೆಟ್ಟಿಗೆ. ಪ್ರತಿ ಸಲವೂ ಡಾಕ್ಟರ ಮುಂದೆ ಆಕೆ ಬಚ್ಚಲಲ್ಲಿ ಜಾರಿಬಿದ್ದೆ ಅನ್ನುವ ಅದೇ ಮಾತು. ಆಟ ಬಿಟ್ಟ ಮೇಲೆ ಹೊರಗಿನ ಮೆಟ್ಟಿಲಲ್ಲಿ ಜನ ಸೇರಿಸಿಕೊಂಡು ಭಾಷಣ ಬೇರೆ. ನಲ್ಲಿ ಬಿಡೋ ಐಡಿಯಾ ನನ್ನ ಮಗಳಿಗೆ ಎಲ್ಲಿಂದ ಹೊಳೀತೋ, ಭಾರಿ ತಲೆ ಅವಳದು ಅಂದರು. ಕೊನೆ ಮಾತ್ರ ಸಪ್ಪೆ, ಅವಳು ಸುಮ್ಮನೆ ಬಾಗಿಲು ತೆಗೆದು ಹೊರಟುಹೋಗೋದಾ, ಅಂಥವನ ತಲೆ ಒಡೆದು ಹಾಕಬೇಕಿತ್ತು ಅಂದರು. ಜನ ಚಪ್ಪಾಳೆ ತಟ್ಟಿದರು. ಯಾವುದೋ ಪತ್ರಿಕೆಯ ಹುಡುಗಿ ಬರೆದುಕೊಂಡಳು, ನಾಳೆ ಬಂದು ನಿರ್ದೇಶಕಿಯ ತಂದೆಯ ಫೋಟೋ ತೆಗೆಯುತ್ತೇನೆ ಎಂದಳು.

ಮೇಲಿನ ಮನೆಯಾಕೆ ನನ್ನ ಜೊತೆಗೇ ಹೊರಟಳು. ನೆನಪಿದೆಯಲ್ಲ, ನೀವು ಹೊತ್ತುಗೊತ್ತಿಲ್ಲದೆ ನಲ್ಲಿ ಬಿಟ್ಟು ಟ್ಯಾಂಕು ಬರಿದು ಮಾಡ್ತೀರ ಅಂತ ವರ್ಷಾನುಗಟ್ಟಲೆ ನನ್ನ ಜೊತೆ ಜಗಳ ಆಡಿದವಳು. ಮನೆಯ ತನಕ ನನ್ನ ಮುಖ ನೋಡದೆ ನಡೆದು ಬಂದಳು. ಮೆಟ್ಟಿಲ ಹತ್ತಿರ ನನ್ನ ಮೊಣಕೈ ಮುಟ್ಟಿ, ಮುಟ್ಟಿದ್ದಕ್ಕೇ ಹೆದರಿದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡು ಮೇಲೆ ಹೋದಳು.

ಅದೇ ಸಂಜೆ ನಿಮ್ಮಪ್ಪ ಮರುದಿನದ ಫೋಟೋಕ್ಕೆಂದು ಬಿಳಿ ಅಂಗಿ ಕೇಳಿದರು. ಕಾಲರಿನ ತುದಿ ಒಂದಿಷ್ಟು ಕಂದಿತ್ತು. ಇಸ್ತ್ರಿಯಲ್ಲಿ ಕಂದಿಸಿದವಳು ನಾನೇ. ಅವರು ಕೂಗಾಡಲಿಲ್ಲ. ಅಂಗಿಯನ್ನು ಮಡಿಸಿ ಮೇಜಿನ ಮೇಲಿಟ್ಟು ಬಚ್ಚಲಿಗೆ ಹೋದರು. ನೀರಿನ ಸದ್ದು ಕೇಳಿತು. ನಾನು ಹಾಲಿನ ಪಾತ್ರೆಯನ್ನು ಒಲೆಯಿಂದ ಕೆಳಗಿಟ್ಟು ನಿಂತುಕೊಂಡೆ, ಚೆಲ್ಲಿದರೆ ಒರೆಸುವವಳು ಮತ್ತೆ ನಾನೇ ಅಲ್ಲವೇ. ಮುಷ್ಟಿಯ ಮೊದಲ ಏಟಿಗೇ ಎಡಗಡೆಯ ಹಲ್ಲು ನಾಲಿಗೆಯ ಮೇಲೆ ಬಂತು. ಕೆಳಗೆ ಬಿದ್ದ ಮೇಲೆ ಪಕ್ಕೆಗೆ ಒದ್ದರು, ಉಸಿರು ಎಳೆದುಕೊಳ್ಳಲು ಆಗದಷ್ಟು. ಒದೆಯುತ್ತಲೇ, ನನ್ನ ಮಗಳು ಇಷ್ಟು ದೊಡ್ಡ ಹೆಸರು ಮಾಡಿದ್ದಾಳೆ, ನಿನಗೆ ಒಂದು ಅಂಗಿ ನೆಟ್ಟಗೆ ಇಸ್ತ್ರಿ ಮಾಡೋಕಾಗಲ್ವಾ ಅಂದರು. ಇದನ್ನು ನಿನ್ನಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ, ಬಾಯಿ ತೆರೆದರೆ ನಿನಗೆ ಗೊತ್ತಾಗುತ್ತದೆ.

ನೆಲದ ಮೇಲೆ ಬಿದ್ದಿದ್ದಾಗ ನನಗೆ ನೋವಿಗಿಂತ ಸಿಟ್ಟು ಜಾಸ್ತಿ ಬಂತು. ಬೆಳಿಗ್ಗೆ ಆ ಗೊಂಬೆಯಾಟದ ಹೆಂಗಸಿಗಾಗಿ ಅತ್ತ ಕಣ್ಣು, ಸಂಜೆ ನನ್ನ ಬಾಯಿಯ ರಕ್ತ ನೋಡಿಯೂ ಒಣಗಿಯೇ ಇತ್ತು. ನನ್ನ ಪರದೆಯ ಅಂಗಿ ತೊಟ್ಟವಳ ಮೇಲೆ ಬಂದ ಕನಿಕರದಲ್ಲಿ ಒಂದು ತೊಟ್ಟೂ ನನಗೆ ಉಳಿದಿರಲಿಲ್ಲ.

ಒಂದು ತಪ್ಪು ಹೇಳುತ್ತೇನೆ, ಮುಂದಿನ ಸಿನಿಮಾಕ್ಕೆ ತಿದ್ದಿಕೋ. ಏಟಿನ ಸದ್ದನ್ನು ನೀನು ಬಹಳ ಜೋರು ಮಾಡಿದ್ದೀಯ. ನಿಜವಾದ ಏಟಿಗೆ ಅಷ್ಟು ಸದ್ದಿರುವುದಿಲ್ಲ. ಒದ್ದೆ ಬಟ್ಟೆಯ ಗಂಟನ್ನು ಮೇಜಿನ ಮೇಲೆ ಹಾಕಿದಷ್ಟೇ. ತಲೆಗೆ ಬಿದ್ದರೂ ಅಷ್ಟೇ.

ಇನ್ನೊಂದು ವಿಷಯ, ಗಾಬರಿಯಾಗಬೇಡ. ನಿಮ್ಮಪ್ಪ ನಿನ್ನೆ ಮಧ್ಯಾಹ್ನ ಬಚ್ಚಲಲ್ಲಿ ಜಾರಿಬಿದ್ದು ಆಸ್ಪತ್ರೆಯಲ್ಲಿದ್ದಾರೆ. ತಲೆಗೆ ಹೊಲಿಗೆ ಹಾಕಿದ್ದಾರೆ, ಬಲ ಮೊಣಕೈ ಮುರಿದಿದೆ. ಪ್ರಾಣಕ್ಕೇನೂ ಇಲ್ಲ. ಹೇಗಾಯ್ತು ಅಂತ ಡಾಕ್ಟರು ಕೇಳಿದರೆ ಅವರೇ ಬಾಯಿಬಿಟ್ಟು ಜಾರಿಬಿದ್ದೆ ಅಂದರು. ಪತ್ರಿಕೆಯ ಹುಡುಗಿ ಬಂದು ಹಾಗೆಯೇ ವಾಪಸು ಹೋದಳು. ನೀನಿರುವ ಊರಿನ ಪ್ರದರ್ಶನ ಬಿಟ್ಟು ಓಡಿ ಬರಬೇಡ. ಇಲ್ಲಿ ಬೆಳಗಿನ ಆಟವನ್ನು ಇನ್ನೂ ಒಂದು ವಾರ ಮುಂದುವರಿಸುತ್ತಾರಂತೆ, ಮಾಲೀಕರು ಹೇಳಿ ಕಳಿಸಿದರು. ಹೆಂಗಸರು ಗುಂಪು ಕಟ್ಟಿಕೊಂಡು ಬರುತ್ತಿದ್ದಾರೆ.

ಬರುವಾಗ ಇಸ್ತ್ರಿ ಪೆಟ್ಟಿಗೆಗೆ ಹೊಸ ಹಿಡಿ ತಾ. ಹಳೆಯದು ಸಡಿಲವಾಗಿದೆ.

ಹಲ್ಲಿಲ್ಲದ, ಆದರೆ ನಗುತ್ತಿರುವ,
ನಿನ್ನ ಅಮ್ಮ

ಮರೆತಿದ್ದೆ: ನಿನ್ನ ಸಿನಿಮಾದ ಕೊನೆಯ ಬಗ್ಗೆ ನಾನೂ ಈಗ ನಿಮ್ಮಪ್ಪನ ಪಕ್ಷ. ನಿನ್ನೆ ಮಧ್ಯಾಹ್ನ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ್ದು ನಾನು. ಆ ಸದ್ದು ಕೇಳಿ ಮೇಲಿನ ಮನೆಯಾಕೆ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿ ಬಂದಳು, ಇಷ್ಟು ವರ್ಷದಲ್ಲಿ ಮೊದಲ ಸಲ, ನನ್ನನ್ನು ಬಿಡಿಸಲು. ಒಳಗೆ ಬಂದು ನೆಲದ ಮೇಲಿದ್ದ ಅವರನ್ನೂ ನನ್ನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನೂ ನೋಡಿದಳು. ಬಚ್ಚಲಿಗೆ ಹೋಗಿ ನಲ್ಲಿ ನಿಲ್ಲಿಸಿ, ಒಂದು ಚೊಂಬು ನೀರು ತಂದು ಅವರ ಸುತ್ತ ಚೆಲ್ಲಿದಳು.