ಬೆಟ್ಟಕ್ಕೊಬ್ಬ ಮನುಷ್ಯ

ಏಪ್ರಿಲ್ 8
ಮತ್ತೆ ಹತ್ತಿ, ಮತ್ತೆ ಟರ್ಪೆಂಟೈನ್. ಕೈ ನಾರುತ್ತಿದೆ. ಒರೆಸಿ ಸರಿಮಾಡಬೇಕಾದದ್ದು ಇನ್ನೂರು ವರ್ಷ ಹಳೆಯ ವಿಲಾಯತಿ ಚಿತ್ರ — ಸೀಳಿದ ಬಂಡೆ, ಮುರಿದ ಪೈನ್ ಮರ, ಜಲಪಾತ, ಕಪ್ಪು ಮೋಡ, ಮೇಲಕ್ಕೆ ಹೋಗುವ ದಾರಿ. ಒಂದು ನರಪಿಳ್ಳೆಯೂ ಇಲ್ಲ.

ಹಳೆಯ ಚಿತ್ರ ಮಾರುವ ಅಂಗಡಿಯ ಯಜಮಾನ ನಿತಿನ್‌ದಾಗೆ ಅದೇ ಚಿಂತೆ. "ಖಾಲಿ ಬೆಟ್ಟ ಯಾರಿಗೆ ಬೇಕು, ಪೂರ್ವಿ? ದಾರೀಲಿ ಒಬ್ಬ ಮನುಷ್ಯನ್ನ ನಿಲ್ಲಿಸು. ಆಗ ಬೆಟ್ಟ ದೊಡ್ಡದಾಗಿ ಕಾಣುತ್ತೆ."
"ಆಮೇಲೆ ಸೇರಿಸಿದ್ದು ಅಂತ ಗಿರಾಕಿಗೆ ಹೇಳ್ತೇನೆ."
"ಅರೆ ಬಾಬಾ, ಮೊದಲು ಬಿಡಿಸು. ಸತ್ಯ ಆಮೇಲೆ."

ಏಪ್ರಿಲ್ 9
ನೋಡದ್ದನ್ನು ಬಿಡಿಸಲಾರೆ. ಸುಳ್ಳು ಹೇಳಿದಂತಾಗುತ್ತದೆ. ಬೆಳಿಗ್ಗೆ ಬಾಲ್ಕನಿಯಿಂದ ಅಪ್ಪನನ್ನು ನೋಡಿದೆ. ಬ್ಯಾಂಕಿನ ಕೆಲಸಕ್ಕೆಂದು ಲೇಕ್ ಗಾರ್ಡನ್ಸ್ ರೈಲು ಸ್ಟೇಷನ್ನಿಗೆ ಹೊರಟಿದ್ದ. ಕಂಕುಳಲ್ಲಿ ಕೊಡೆ, ಇಳಿಬಿದ್ದ ಎಡಭುಜ. ನಾನು ಶಾಲೆ ಬಿಟ್ಟಂದಿನಿಂದ ಮಾತಿಲ್ಲ, ನನ್ನ ಕಡೆ ನೋಡುವುದೂ ಇಲ್ಲ. ಅವನ ಬೆನ್ನು ಮಾತ್ರ ಚೆನ್ನಾಗಿ ಗೊತ್ತು.

ಅದನ್ನೇ ಬಿಡಿಸಿದೆ. ದಾರಿಯ ಬುಡದಲ್ಲಿ, ಉಗುರಿನಷ್ಟು. ಚೆನ್ನಾಗಿ ಬಂದಿದೆ. ಇಲ್ಲ ಎಂದು ಯಾಕೆ ಹೇಳಲಿ.

ಏಪ್ರಿಲ್ 11, ಸಂಜೆ
ಚಿತ್ರದ ದಾರಿಯ ಬುಡದಲ್ಲಿ ಯಾರೂ ಇಲ್ಲ. ನಾನು ಬಿಡಿಸಿದವನು ಮುರಿದ ಮರದ ಹತ್ತಿರ ಇದ್ದಾನೆ. ಬಿಡಿಸಿದ ಜಾಗ ಮುಟ್ಟಿ ನೋಡಿದೆ — ಒಣಗಿ ಬಿರುಕು ಬಿಟ್ಟ ಹಳೆಯ ಬಣ್ಣ. "ನೀನೇ ಅಲ್ಲಿ ಬಿಡಿಸಿದ್ದು" ಎಂದ ನಿತಿನ್‌ದಾ. ಅಲ್ಲ.

ಮನೆಗೆ ಬಂದರೆ ಅಮ್ಮ ಅಪ್ಪನ ಶೂ ಎತ್ತಿ ಹಿಡಿದಿದ್ದಳು. "ಎಂತದಿದು ಮಾರಾಯ್ರೆ, ಬ್ಯಾಂಕಿಗೆ ಹೋದದ್ದಾ, ಕಾಡಿಗಾ?" ಅಡಿಯಲ್ಲಿ ಪೈನ್ ಮರದ ಸೂಜಿಯಂಥ ಎಲೆಗಳು. ಅಪ್ಪ ಈ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿ ಶಾಲು ಹೊದ್ದ.

ಏಪ್ರಿಲ್ 14
ಈಗ ಜಲಪಾತದ ಮೇಲಿದ್ದಾನೆ. ಅಳಿಸಿಬಿಡೋಣ ಎಂದು ಹತ್ತಿ ಎತ್ತಿದೆ... ಅಳಿಸಿದರೆ ಅಪ್ಪ? ಕೈ ಹಿಂದೆ ಬಂತು. ಇನ್ನು ಸ್ವಲ್ಪ ಮೇಲೆ ದಾರಿ ಬಂಡೆಯ ಹಿಂದಕ್ಕೆ ತಿರುಗುತ್ತದೆ. ಅದರಾಚೆ ಯಾರೂ ಏನೂ ಬಿಡಿಸಿಲ್ಲ.

ಏಪ್ರಿಲ್ 15, ಬೆಳಿಗ್ಗೆ
ಪೊಯ್ಲಾ ಬೊಯಿಶಾಖ್, ಬಂಗಾಳಿಗಳ ಹೊಸ ವರ್ಷ. ಬ್ಯಾಂಕಿಗೆ ರಜೆ. ಆದರೂ ಅಪ್ಪ ಕೊಡೆ ಹಿಡಿದು ಹೊರಟ. ಬಾಗಿಲಲ್ಲಿ ಎಲ್ಲ ಹೇಳಿದೆ — ಬಿಡಿಸಿದ್ದು, ಅವನು ಹತ್ತುತ್ತಿರುವುದು. "ಇವತ್ತು ಹೋಗ್ಬೇಡ ಅಪ್ಪ."
"ಶಾಲೆಗೇ ಹೋಗದವಳು ನನಗೆ ಹೋಗ್ಬೇಡ ಅಂತ ಹೇಳುದಾ?"
ಇಷ್ಟು ದಿನಕ್ಕೆ ಮೊದಲ ಮಾತು. ತಿರುಗಿ ನೋಡದೆ ಆಡಿದ್ದು.

ಮಧ್ಯಾಹ್ನ, ಅಂಗಡಿ
ಅಮ್ಮನ ಫೋನು. "ಇವರು ಫೋನ್ ಎತ್ತುದಿಲ್ಲ, ಪೂರ್ವಿ." ಚಿತ್ರದಲ್ಲಿ ಬಂಡೆಯ ತಿರುವಿಗೆ ಬಂದುಬಿಟ್ಟಿದ್ದಾನೆ. ಕೊಡೆ ಹಿಂದೆ ದಾರಿಯಲ್ಲಿ ಬಿದ್ದಿದೆ.

ಮುಖ ಬಿಡಿಸಿದರೆ ಈ ಕಡೆ ತಿರುಗಿದಂತಾಗುತ್ತದೆ, ಇಳಿದು ಬರಬಹುದು. ಕುಂಚ ಹಿಡಿದೆ. ಮುಖ ನೆನಪಿಗೆ ಬರುತ್ತಿಲ್ಲ. ಮೊಬೈಲಿನಲ್ಲಿ ಹಳೆಯ ಫೋಟೋ ಇದೆ, ಅದರಲ್ಲಿ ನಗುತ್ತಿದ್ದಾನೆ. ಈಗಿನ ಅಪ್ಪ ಅದಲ್ಲ. ನಾನೂ ಅವನ ಮುಖ ನೋಡಿಲ್ಲ ಇಷ್ಟು ದಿನ.

ಕುಂಚ ಕೆಳಗಿಟ್ಟು ಕರೆದೆ. ಅಪ್ಪಾ.

ನಿಂತ. ಈ ಡೈರಿ ಬರೆಯುತ್ತಲೇ ಚಿತ್ರ ನೋಡುತ್ತಿದ್ದೇನೆ, ಕಣ್ಣು ಕೀಳುವುದಿಲ್ಲ. ಎಡಭುಜ ಅಲುಗಿತು. ತಿರುಗುತ್ತಿದ್ದಾನೆ. ಕಿವಿ, ಕೆನ್ನೆ... ಮುಖ ಇರಬೇಕಾದಲ್ಲಿ ಏನೂ ಇಲ್ಲ, ನಾನು ಬಿಡಿಸದ ಖಾಲಿ ಜಾಗ —