ಜಕರಂಡಕ್ಕೊಂದು ನ್ಯಾಯ, ಡೇಲಿಯಾಕ್ಕೊಂದು ನ್ಯಾಯ

ಜಕರಂಡ ಮರದ ಯಜಮಾನರಿಗೆ,

ಸಮಸ್ತ ಲೋಕಕ್ಕೂ ತಿಳಿಯಲಿ: ನಿಮ್ಮ ಮರದ ಮೂರು ಎಲೆ ಹಳದಿಯಾಗಿವೆ. ಮನೆ ಬಿಟ್ಟು ಆಕೆಯ ಜೊತೆ ಸಂಸಾರ ಹೂಡಿ ಏಳು ತಿಂಗಳಾದ ಮೇಲೆ ಬರೆದ ಮೊದಲ ಕಾಗದದಲ್ಲಿ ನೀವು ಕ್ಷೇಮ ವಿಚಾರಿಸಿದ್ದು ಅದರದ್ದೊಂದೇ. ಹಾಗಾಗಿ ಮೊದಲು ಅದರ ವರದಿ.

ಹೊರಡುವಾಗ ನೀವಿತ್ತ ಅಪ್ಪಣೆಯಂತೆ ದಿನಾ ಎರಡು ಕೊಡ ನೀರು ಹೊಯ್ದೆ. ನರ್ಸರಿಯವಳು ಬಂದು ನೋಡಿ ನಕ್ಕಳು.

"ಬೇರೂರಿದ ಮರಕ್ಕೆ ವಾರಕ್ಕೊಮ್ಮೆ ಸಾಕಮ್ಮ, ಅದರ ಪಾಡಿಗೆ ಬಿಡಿ. ದಿನಾ ನೋಡ್ಕೋಬೇಕಾದ್ದು ಈ ಡೇಲಿಯಾನ. ನೀರಿಲ್ಲ, ಮರದ ನೆರಳಲ್ಲಿ ಬಿಸಿಲಿಲ್ಲ, ಆಸರೆಗೆ ಒಂದು ಕೋಲೂ ಇಲ್ಲ. ಯಾರ್ರೀ ಹೀಗೆ ಅದಲುಬದಲು ಮಾಡಿದ್ದು?"

ಅವರು ಊರಲ್ಲಿಲ್ಲ ಅಂದೆ. ಹದಿನೈದು ವರ್ಷ ಕಾಪಾಡಿದ ನಿಮ್ಮ ಮಾನವನ್ನು ನರ್ಸರಿಯವಳ ಮುಂದೆ ಕಳೆಯುವುದೇಕೆ?

ನೀವು ಕಳಿಸಿದ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ಇದರೊಡನೆ ಇಟ್ಟಿದ್ದೇನೆ. ಭಾನುವಾರ ಅಕ್ಕನ ಮನೆಗೆ ಹೊರಡುತ್ತೇನೆ. ಮರ ಕಿತ್ತು ಒಯ್ಯಲಾಗದು, ಅದು ನಿಮಗೇ ಇರಲಿ. ಡೇಲಿಯಾದ ಗೆಡ್ಡೆ ಅಗೆದು ಒಯ್ದರೆ ಬೇರೆ ಮಣ್ಣಲ್ಲೂ ಚಿಗುರುತ್ತದಂತೆ.

ಚಿಕ್ಕ ಗುದ್ದಲಿ ನಿಮ್ಮ ಸಾಮಾನಿನ ಜೊತೆ ಹೋಗಿಬಿಟ್ಟಿದೆ. ಶನಿವಾರದೊಳಗೆ ಯಾರ ಕೈಯಲ್ಲಾದರೂ ಕಳಿಸಿಕೊಡಿ.

ಇಂತಿ,
ಈವರೆಗೆ ನೀರು ಹೊಯ್ದವಳು