ಅಮೃತಾಪುರದ ಸಾಲಿನಲ್ಲಿ

ಯಶೋದಾ,

ಮೊದಲ ಬಸ್ಸಿಗೆ ನಾನೇ ಕಂಡಕ್ಟರು, ಹೊರಟೆ. ನೀನು ಮಲಗಿದ್ದೆ, ಎಬ್ಬಿಸ್ಲಿಲ್ಲ.

ಮಾತ್ರೆ ನುಂಗಿದೀನಿ. ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಹಾಕಿದೀನಿ, ಸಪ್ಪೆ ಅನ್ಸಿದ್ರೆ ನೀನು ಹಾಕ್ಕೋ.

ನಿನ್ನೆ ಅಮೃತಾಪುರದಲ್ಲಿ ಬಸ್ಸು ನಿಂತಾಗ ನಿಮ್ಮ ಆಸ್ಪತ್ರೆಯವ್ರ ಬಿ.ಪಿ. ತಪಾಸಣೆ ಸಾಲಿನಲ್ಲಿ ಬೇಕೂಂತ್ಲೇ ನಾನೂ ನಿಂತೆ. ನೀನು ತಲೆ ಎತ್ತದೆ, "ಅಂಗಿ ತೋಳು ಮಡಿಸ್ಕೊಳ್ಳಿ, ಯಜಮಾನ್ರೇ" ಅಂದೆ. ಪಟ್ಟಿ ಸುತ್ತಿ ಮುಖ ನೋಡಿದ್ಮೇಲೆ, "ಅಯ್ಯೋ, ನೀವೇನ್ರೀ!" ಅಂತ ನಕ್ಕೆ. ನನ್ನ ಬಿ.ಪಿ. ನೋಡಿ ಆ ನಗು ನಿಂತ್ಹೋಯ್ತು. ಆದ್ರೂ ಕೈ ಬಿಡ್ಲಿಲ್ಲ. ನೀನು ಹಂಗೆ ನನ್ನ ಕೈ ಹಿಡಿದು ಎಷ್ಟು ಕಾಲ ಆಗಿತ್ತು ಕಣೇ!

ದಿನಾ ನಡೀರಿ ಅಂದ್ಯಲ್ಲ, ಒಬ್ನೇ ನಡೆಯೋಕೆ ಮನಸ್ಸಿಲ್ಲ. ಇವತ್ತು ಸಂಜೆ ಬೇಗ ಡ್ಯೂಟಿ ಮುಗಿಯುತ್ತೆ. ಕಡೂರು ಬಸ್ ಸ್ಟ್ಯಾಂಡಿಗೆ ಬಾ, ಮನೆತನಕ ಜೊತೇಲಿ ನಡ್ಕೊಂಡು ಬರೋಣ.

ರಾಜಶೇಖರ್